ಆಷಾಢದಲ್ಲಿ ನಾನು ಭೂಮಿ ತಿರುಗಿಸಿದ್ದು

ದೇವರನ್ನು ನಂಬುವವರ ಜೊತೆ ವಾದ ಮಾಡುವುದು ಬಹಳ ಸುಲಭದ ಕೆಲಸ. "ನೀವು ನೋಡಿದ್ದೀರಾ?" ಅಂತ ಕೇಳಿದರೆ ಅರ್ಧ ಗೆದ್ದ ಹಾಗೆ. ಅವರು ಬೇಜಾರು ಮಾಡಿಕೊಂಡು ಎದ್ದುಹೋದರೆ ಉಳಿದರ್ಧವನ್ನೂ ಗೆದ್ದ ಹಾಗೆ. ಮುಳಬಾಗಿಲಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿರುವ ನಾನು ಈ ಪ್ರಶ್ನೆಯನ್ನು ಬಸ್ ಸ್ಟ್ಯಾಂಡು, ಮದುವೆ ಮನೆ, ತಿಥಿ ಊಟ ಅಂತ ಜಾಗ ನೋಡದೆ ಕೇಳಿಕೊಂಡು ಬಂದವನು. ಅದರಿಂದ ನೆಂಟರಿಷ್ಟರಲ್ಲಿ ವಿಚಾರವಾದಿ ಎಂಬ ಹೆಸರು ಬಂದಿದೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆಗೆ ಯಾರೂ ಬೇಗ ಬಂದು ಕೂರುವುದಿಲ್ಲ ಅನ್ನುವುದನ್ನು ಬಿಟ್ಟರೆ ಇದರಿಂದ ನನಗೆ ನಷ್ಟವೇನೂ ಆಗಿರಲಿಲ್ಲ. ಇದೇ ಪ್ರಶ್ನೆಯನ್ನು ಯಾರಾದರೂ ತಿರುಗಿಸಿ ನನಗೇ ಕೇಳಬಹುದು ಅನ್ನುವುದು ಮಾತ್ರ ಹೊಳೆದೇ ಇರಲಿಲ್ಲ.

ನಾನು ನಂಬುವ ಸಂಗತಿಗಳೇನೂ ಕಮ್ಮಿಯಿಲ್ಲ. ಪರಮಾಣುವನ್ನು ನಂಬುತ್ತೇನೆ. ಅದರೊಳಗೆ ಸುತ್ತುವ ಎಲೆಕ್ಟ್ರಾನನ್ನು ನಂಬುತ್ತೇನೆ. ದಿನಾ ಬೆಳಿಗ್ಗೆ ತೀರ್ಥದಷ್ಟು ನೀರಿನ ಜೊತೆ ನುಂಗುವ ಬಿ.ಪಿ. ಮಾತ್ರೆ ಒಳಗೆ ಹೋಗಿ ಏನು ಮಾಡುತ್ತದೆ ಅಂತ ನನಗೆ ಗೊತ್ತಿಲ್ಲ. ಡಾಕ್ಟರು ಹೇಳಿದ್ದಾರೆ, ನುಂಗುತ್ತೇನೆ. ಹೊಸ ಸ್ಕೂಟರ್ ತಂದ ದಿನ ನನ್ನ ಹೆಂಡತಿ ಸರೋಜ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಗ, "ಇದೆಲ್ಲ ಮೂಢನಂಬಿಕೆ" ಅಂತ ಗಟ್ಟಿಯಾಗಿ ಹೇಳಿಯೇ ಅದರ ಮೇಲೆ ಸ್ಕೂಟರ್ ಹತ್ತಿಸಿದೆ. ನಿಂಬೆಯ ಆಮ್ಲ ಟೈರಿಗೆ ಒಳ್ಳೆಯದೋ ಕೆಟ್ಟದ್ದೋ ನೋಡೋಣ ಅನ್ನುವ ಕುತೂಹಲ ನನ್ನದು ಅಂದೆ. ಅವಳು ಅಪ್ಪಚ್ಚಿಯಾದ ನಿಂಬೆಹಣ್ಣನ್ನು ಎತ್ತಿಕೊಂಡು ಒಳಗೆ ಹೋದಳು. ಮನೆಯಲ್ಲಿ ನನ್ನ ವಿಚಾರವಾದಕ್ಕೆ ಸಿಗುತ್ತಿದ್ದ ಮರ್ಯಾದೆ ಅಷ್ಟೇ.

ತೊಂದರೆ ಶುರುವಾದದ್ದು ನಮ್ಮ ಅತ್ತೆಯವರ ಕಣ್ಣಿನಿಂದ. ಅತ್ತೆಯವರ ಹೆಸರು ವೆಂಕಟಮ್ಮ, ತಾಯಲೂರಿನ ಕಡೆಯವರು. ಕನ್ನಡದಲ್ಲಿ ಶುರುಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುತ್ತಾರೆ. ಬೈಗುಳವಾದರೆ ಶುರುವೂ ತೆಲುಗಿನಲ್ಲೇ. ನಮ್ಮ ಜೊತೆ ಇರಲು ಬಂದ ಮೇಲೆ ಅವರ ಎರಡೂ ಕಣ್ಣಿಗೆ ಪೊರೆ ಬಂತು. ಮೊದಮೊದಲು ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಗ್ಯಾಸ್ ಸಿಲಿಂಡರನ್ನು ಯಾರೋ ನೆಂಟರೆಂದುಕೊಂಡು "ಬನ್ನಿ, ಒಳಗೆ ಬನ್ನಿ" ಅಂದರು. ನಾವೂ ನಗುತ್ತಿದ್ದೆವು, ಅವರೂ ನಗುತ್ತಿದ್ದರು. ಒಂದು ದಿನ ಬೆಳಿಗ್ಗೆ ನಗು ನಿಂತಿತು. ಹಗ್ಗವನ್ನು ಹಾವು ಅಂದುಕೊಳ್ಳುವುದು ವೇದಾಂತಿಗಳ ಹಳೆಯ ಉದಾಹರಣೆ. ನಮ್ಮ ಅತ್ತೆ ಹಾವನ್ನು ಹಗ್ಗ ಅಂದುಕೊಂಡರು. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬಿದ್ದಿದ್ದ ಅದನ್ನು, ಒಣಹಾಕುವ ಹಗ್ಗ ಕಳಚಿ ಬಿದ್ದಿದೆ ಅಂತ ಬಗ್ಗಿ ಎತ್ತಿಕೊಂಡೇಬಿಟ್ಟರು. ಹಗ್ಗ ಕೈಯಿಂದ ಜಾರಿ ಬೇಲಿಯ ಕಡೆ ಹೋಯಿತು.

"ಸ್ವಾಮಿ ಕಾಪಾಡಿದ," ಅಂತ ಅತ್ತೆ ನಡುಗುತ್ತಾ ಕೂತರು. "ಅದು ಕೇರೆ ಹಾವು ಅತ್ತೆ, ಅದಕ್ಕೆ ವಿಷವೇ ಇಲ್ಲ," ಅಂತ ನಾನು ಹೇಳಿದೆ. ಹೇಳಿದ್ದು ಹೊಸ್ತಿಲಿನ ಒಳಗೆ ನಿಂತುಕೊಂಡು. ಸರೋಜ ನಮ್ಮಿಬ್ಬರ ಮಾತನ್ನೂ ಕೇಳಿಸಿಕೊಳ್ಳದೆ, "ಮೊದ್ಲು ಕಣ್ಣು ತೋರಿಸ್ಬೇಕು ಅಷ್ಟೇ," ಅಂದಳು.

ಕೋಲಾರದ ಕಣ್ಣಿನ ಡಾಕ್ಟರು ನೋಡಿ, ಪೊರೆ ಚೆನ್ನಾಗಿ ಬಲಿತಿದೆ, ಇನ್ನು ತಡಮಾಡಿದರೆ ಆಪರೇಷನ್ ಮಾಡುವುದೇ ಕಷ್ಟ ಆಗಬಹುದು ಅಂದರು. ಅತ್ತೆ ಎಲ್ಲ ಕೇಳಿಸಿಕೊಂಡು, "ಸ್ವಾಮೀನ ಒಂದು ಮಾತು ಕೇಳಿ ಬರ್ತೀನಿ," ಅಂದರು. ಅವರ ಊರಿನ ವೆಂಕಟರಮಣನ ಗುಡಿಯಲ್ಲಿ ಹೂವಿನ ಪ್ರಸಾದ ಕೇಳುವ ಪದ್ಧತಿ. ವಿಗ್ರಹದ ಮೇಲೆ ಒದ್ದೆ ಹೂವು ಇಟ್ಟು, ಮನಸ್ಸಿನಲ್ಲಿ ಪ್ರಶ್ನೆ ಹೇಳಿಕೊಂಡು ಎದುರಿಗೆ ಕೂರುವುದು. ಬಲಗಡೆಯ ಹೂವು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. ಸರೋಜ ಕರೆದುಕೊಂಡು ಹೋಗಿ ಬಂದಳು. ಎಡಗಡೆಯದು ಬಿದ್ದಿತ್ತು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಂಜೆ ಅತ್ತೆ ಬಟಾಣಿ ಬಿಡಿಸುತ್ತಾ ಕೂತಿದ್ದರು. ಕಾಳು ಸಿಪ್ಪೆಯ ರಾಶಿಗೂ ಸಿಪ್ಪೆ ಕಾಳಿನ ಪಾತ್ರೆಗೂ ಬೀಳುತ್ತಿದ್ದವು. ನಾನು ಎದುರಿಗೆ ಕುರ್ಚಿ ಎಳೆದುಕೊಂಡೆ.

"ಅತ್ತೆ, ಒದ್ದೆ ಹೂವು ಒಣಗ್ತಾ ಬಂದ ಹಾಗೆ ಜಾರಿ ಬೀಳುತ್ತೆ. ಅದು ಗುರುತ್ವಾಕರ್ಷಣೆ. ದೇವರಿಗೂ ಅದಕ್ಕೂ ಸಂಬಂಧ ಇಲ್ಲ."

"ಅದು ಯಾರಪ್ಪ?" ಅಂದರು.

"ಯಾರೂ ಅಲ್ಲ. ಭೂಮಿ ಎಲ್ಲಾನೂ ತನ್ನ ಕಡೆ ಎಳ್ಕೊಳ್ಳುತ್ತೆ."

"ಯಾಕೆ ಎಳ್ಕೊಂತೈತೆ?"

"ಅದು ಅದರ ಗುಣ."

"ಸರೇ. ಅದಕ್ಕೊಂದು ಗುಣ ಐತೆ ಅಂತ ನೀವು ನಂಬ್ತೀರಿ. ನಮ್ಮ ಸ್ವಾಮಿಗೊಂದು ಗುಣ ಐತೆ ಅಂತ ನಾನು ನಂಬ್ತೀನಿ."

ಇಲ್ಲಿಗೆ ನಿಲ್ಲಿಸಬಹುದಿತ್ತು. ನನ್ನ ಹಳೆಯ ಪ್ರಶ್ನೆ ಬಾಯಿಗೆ ಬಂದೇಬಿಟ್ಟಿತು. "ನಿಮ್ಮ ಸ್ವಾಮಿನ ನೀವು ನೋಡಿದ್ದೀರಾ?"

"ಇಲ್ಲ," ಅಂದರು ಅತ್ತೆ. "ನೀವು ಶಾಲೇಲಿ ಭೂಮಿ ತಿರುಗ್ತೈತೆ ಅಂತ ಹೇಳಿಕೊಡ್ತೀರಲ್ಲಾ, ಅದನ್ನ ನೀವು ನೋಡಿದ್ದೀರಾ?"

"ದೊಡ್ಡ ದೊಡ್ಡೋರು ಕಂಡುಹಿಡಿದಿದ್ದಾರೆ ಅತ್ತೆ."

"ಅವರನ್ನ ನೋಡಿದ್ದೀರಾ?"

"ಪುಸ್ತಕದಲ್ಲಿದೆ."

"ನಮ್ಮದೂ ಪುಸ್ತಕದಲ್ಲೇ ಐತೆ."

ಇದಕ್ಕೆ ಉತ್ತರ ನನ್ನ ಹತ್ತಿರ ಸಿದ್ಧವಾಗಿತ್ತು. "ನಿಮ್ಮ ಪುಸ್ತಕಕ್ಕೂ ನಮ್ಮ ಪುಸ್ತಕಕ್ಕೂ ವ್ಯತ್ಯಾಸ ಇದೆ. ನಮ್ಮದನ್ನ ಯಾರು ಬೇಕಾದ್ರೂ ಪರೀಕ್ಷೆ ಮಾಡಿ ನೋಡಬಹುದು."

"ನೀವು ಮಾಡಿ ನೋಡಿದ್ದೀರಾ?"

ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದ ಸದ್ದು ನಿಂತಿತು. ಸರೋಜ ನನ್ನ ಉತ್ತರಕ್ಕಾಗಿ ಕಾಯುತ್ತಿದ್ದಾಳೆ ಅಂತ ಗೊತ್ತಾಯಿತು. ಇಷ್ಟು ವರ್ಷ ನಾನು ಬೋರ್ಡಿನ ಮೇಲೆ ಭೂಮಿಯನ್ನು ಬರೆದಿದ್ದೇನೆ, ಅಳಿಸಿದ್ದೇನೆ, ಅದರ ಮೇಲೆ ಪ್ರಶ್ನೆಪತ್ರಿಕೆ ತಯಾರು ಮಾಡಿದ್ದೇನೆ. ಅದು ತಿರುಗುತ್ತದೆಯೇ ಅಂತ ಒಂದು ದಿನವೂ ಪರೀಕ್ಷಿಸಿ ನೋಡಿರಲಿಲ್ಲ. ಯಾರು ಬೇಕಾದರೂ ನೋಡಬಹುದು ಅನ್ನುವ ಧೈರ್ಯದಲ್ಲಿ ನಾವು ಯಾರೂ ನೋಡಿರಲಿಲ್ಲ.

"ಮಾಡಿ ತೋರಿಸ್ತೀನಿ," ಅಂದೆ. "ಭೂಮಿ ತಿರುಗೋದನ್ನ ತೋರಿಸಿದ್ರೆ ಆಪರೇಷನ್ ಮಾಡಿಸ್ಕೊತೀರಾ?"

ಅತ್ತೆ ಯೋಚಿಸಿದರು. "ಮಾಡಿಸ್ಕೊಂತೀನಿ. ತಿರುಗದೇ ಇದ್ರೆ ನೀವು ನನ್ನ ಜೊತೆ ಗುಡಿಗೆ ಬಂದು ಹೂವು ಬೀಳೋತನಕ ಬಾಯಿ ಮುಚ್ಕೊಂಡು ಕೂತ್ಕೋಬೇಕು." ಇದರಲ್ಲಿ ಬಾಯಿ ಮುಚ್ಚಿಕೊಳ್ಳುವ ಶಿಕ್ಷೆ ನನಗೆ ಎಷ್ಟು ಕಠಿಣ ಅನ್ನುವುದು ಅವರಿಗೂ ಗೊತ್ತಿತ್ತು.

ಭೂಮಿ ತಿರುಗುವುದನ್ನು ತೋರಿಸುವ ವಿಧಾನ ಒಂದಿದೆ. ಬಹಳ ಎತ್ತರದಿಂದ ಒಂದು ಭಾರವಾದ ವಸ್ತುವನ್ನು ತಂತಿಯಲ್ಲಿ ಇಳಿಬಿಟ್ಟು ಆಚೀಚೆ ತೂಗಲು ಬಿಡಬೇಕು. ಅದು ತನ್ನ ದಾರಿಯಲ್ಲೇ ತೂಗುತ್ತಿರುತ್ತದೆ. ಕೆಳಗಿನ ಭೂಮಿ ತಿರುಗುವುದರಿಂದ, ನೋಡುವವರಿಗೆ ಅದರ ದಾರಿಯೇ ನಿಧಾನವಾಗಿ ತಿರುಗಿದ ಹಾಗೆ ಕಾಣುತ್ತದೆ. ಫ್ರಾನ್ಸಿನಲ್ಲಿ ಒಬ್ಬರು ಹಿಂದೆ ಮಾಡಿ ತೋರಿಸಿದ್ದಾರೆ. ಧ್ರುವದ ಹತ್ತಿರವಾದರೆ ದಿನಕ್ಕೆ ಒಂದು ಪೂರ್ತಿ ಸುತ್ತು. ದಕ್ಷಿಣಕ್ಕೆ ಬಂದ ಹಾಗೆಲ್ಲ ನಿಧಾನ. ಲೆಕ್ಕ ಹಾಕಿ ನೋಡಿದರೆ ಮುಳಬಾಗಿಲಿನಲ್ಲಿ ಗಂಟೆಗೆ ಮೂರು ಡಿಗ್ರಿ ಚಿಲ್ಲರೆ. ಹೊಳೆ ನೀರು, ರೈಲು ಇವೆಲ್ಲ ನಮ್ಮ ಕಡೆಗೆ ಕಮ್ಮಿ ಅಂತ ಗೊತ್ತಿತ್ತು. ಭೂಮಿ ತಿರುಗುವುದೂ ಕಮ್ಮಿ ಅಂತ ಅವತ್ತೇ ಗೊತ್ತಾದದ್ದು.

ಎತ್ತರದ ಜಾಗವೆಂದರೆ ನಮ್ಮ ರಸ್ತೆಯ ಕೊನೆಯಲ್ಲಿರುವ ಮದುವೆ ಚೌಟ್ರಿ. ಎರಡು ಅಂತಸ್ತಿನಷ್ಟು ಎತ್ತರದ ಹಾಲ್, ಮಧ್ಯದಲ್ಲಿ ದೀಪದ ಗೊಂಚಲು ತೂಗುಹಾಕುವ ಕೊಕ್ಕೆ. ಆಷಾಢವಾದ್ದರಿಂದ ಒಂದು ಮದುವೆಯೂ ಇರಲಿಲ್ಲ. ಆಷಾಢದಲ್ಲಿ ಮದುವೆ ಮಾಡಬಾರದು ಅನ್ನುವುದನ್ನು ನಾನು ಅನೇಕ ಸಲ ಖಂಡಿಸಿದ್ದೇನೆ. ಜನ ನನ್ನ ಮಾತು ಕೇಳಿದ್ದಿದ್ದರೆ ಹಾಲ್ ಸಿಗುತ್ತಿರಲಿಲ್ಲ. ಮ್ಯಾನೇಜರ್ ರಾಮಪ್ಪ ನನ್ನ ಮಾತನ್ನೆಲ್ಲ ಗಮನವಿಟ್ಟು ಕೇಳಿ, "ಆಗ್ಲಿ ಸಾರ್. ದೇವರ ಕಾರ್ಯ ಅಂದ್ಮೇಲೆ ಬೇಡ ಅನ್ನೋಕಾಗುತ್ತಾ," ಅಂದರು. ತಿದ್ದಲು ಹೋಗಿ ಹಾಲ್ ಕಳೆದುಕೊಳ್ಳುವುದು ಯಾಕೆ ಅಂತ ಸುಮ್ಮನಾದೆ.

ಭಾರದ ವಸ್ತುವಿಗೆ ಸರೋಜಳ ಮದುವೆಯ ಹಿತ್ತಾಳೆ ಬಿಂದಿಗೆ ಸಿಕ್ಕಿತು. ಒಳಗೆ ಮರಳು ತುಂಬಿ, ಬಾಯಿಗೆ ಬಟ್ಟೆ ಬಿಗಿದು, ಕುತ್ತಿಗೆಗೆ ತಂತಿ ಸುತ್ತಿದೆ. ಭಾನುವಾರ ಬೆಳಿಗ್ಗೆ ರಾಮಪ್ಪ ಏಣಿ ಹತ್ತಿ ತಂತಿಯನ್ನು ಕೊಕ್ಕೆಗೆ ಕಟ್ಟಿದರು. ಬಿಂದಿಗೆ ತೂಗುವ ದಾರಿಯನ್ನು ನೆಲದ ಮೇಲೆ ಗುರುತು ಮಾಡಬೇಕಿತ್ತು. ಸೀಮೆಸುಣ್ಣ ಆ ನುಣ್ಣನೆಯ ಕಲ್ಲಿನ ಮೇಲೆ ಹಿಡಿಯಲಿಲ್ಲ. ಸರೋಜ ರಂಗೋಲಿ ಪುಡಿಯಲ್ಲಿ ನೇರವಾಗಿ ಒಂದು ಗೆರೆ ಎಳೆದಳು. ನನ್ನ ಬೆನ್ನು ಅತ್ತ ತಿರುಗಿದಾಗ ಅತ್ತೆ ತಡವರಿಸಿಕೊಂಡು ಬಂದು ಬಿಂದಿಗೆಗೆ ಅರಿಶಿನ ಕುಂಕುಮ ಹಚ್ಚಿದ್ದರು. "ಬರೀ ಬಿಂದಿಗೆ ತೂಗುಹಾಕಬಾರದು ಅಳಿಯಂದ್ರೆ, ನೋಡೋಕೆ ಚೆನ್ನಾಗಿರಲ್ಲ," ಅಂದರು. ಕುಂಕುಮದ ತೂಕ ಪ್ರಯೋಗಕ್ಕೆ ಅಡ್ಡಿಯಾಗುವಷ್ಟಿಲ್ಲ ಅಂತ ಬಿಟ್ಟೆ.

ಬಿಂದಿಗೆಯನ್ನು ಕೈಯಿಂದ ತಳ್ಳುವ ಹಾಗಿಲ್ಲ. ಸ್ವಲ್ಪ ಓರೆಯಾದರೂ ಎಲ್ಲ ಕೆಡುತ್ತದೆ. ಅದನ್ನು ಒಂದು ಪಕ್ಕಕ್ಕೆ ಎಳೆದು ದಾರದಿಂದ ಕಂಬಕ್ಕೆ ಕಟ್ಟಿ, ಅದು ಪೂರ್ತಿ ನಿಶ್ಚಲವಾದ ಮೇಲೆ ದಾರವನ್ನು ಸುಡಬೇಕು. ಇದು ಶಾಸ್ತ್ರ, ನನ್ನ ಶಾಸ್ತ್ರ. ಆದರೆ ಹೊರಗೆ ಆಷಾಢದ ಗಾಳಿ. ಬೆಂಕಿಕಡ್ಡಿ ಗೀರಿದಷ್ಟೂ ಆರುತ್ತಿತ್ತು. ಕೊನೆಗೆ ರಾಮಪ್ಪ ಆರತಿ ತಟ್ಟೆಯಲ್ಲಿ ಕರ್ಪೂರ ಹಚ್ಚಿ ತಂದು ನನ್ನ ಕೈಗೆ ಕೊಟ್ಟರು. ಈ ವೇಳೆಗೆ ಅಕ್ಕಪಕ್ಕದ ಮನೆಗಳ ಹೆಂಗಸರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಿದ್ದರು. ಅರಿಶಿನ ಕುಂಕುಮದ ಬಿಂದಿಗೆ, ಕೆಳಗೆ ರಂಗೋಲಿ, ಎದುರಿಗೆ ಕರ್ಪೂರದ ತಟ್ಟೆ ಹಿಡಿದು ನಿಂತ ನಾನು. ದಾರ ಸುಟ್ಟು ಬಿಂದಿಗೆ ತೂಗಲು ಶುರುವಾದದ್ದೇ ತಡ, ಎಲ್ಲರೂ ಕೈಮುಗಿದರು. ಒಬ್ಬಾಕೆ ಮುಂದೆ ಬಂದು ಉರಿಯುತ್ತಿದ್ದ ಕರ್ಪೂರಕ್ಕೆ ಕೈಯೊಡ್ಡಿ ಕಣ್ಣಿಗೊತ್ತಿಕೊಂಡಳು. ತಟ್ಟೆ ಕೆಳಗಿಡಲು ನನಗೆ ಜಾಗ ಸಿಗಲಿಲ್ಲ. ಉಳಿದವರ ಮುಂದೆಯೂ ಹಿಡಿಯುತ್ತಾ ಹೋದೆ.

"ಮಂಗಳಾರತಿ ಆಯ್ತಾ?" ಅಂತ ಕುರ್ಚಿಯ ಮೇಲೆ ಕೂತಿದ್ದ ಅತ್ತೆ ಕೇಳಿದರು. ಅವರ ಮುಂದೆಯೂ ತಟ್ಟೆ ಹಿಡಿದೆ.

ಆಮೇಲೆ ಕಾಯುವುದು. ನಾನು ನೆಲದ ಮೇಲೆ ಮಕಾಡೆ ಮಲಗಿ, ಕೆನ್ನೆಯನ್ನು ಕಲ್ಲಿಗೆ ಹಚ್ಚಿ, ಬಿಂದಿಗೆಯ ತಳ ರಂಗೋಲಿಯ ಗೆರೆಯ ಮೇಲೆ ಹೋಗಿ ಬರುವುದನ್ನು ನೋಡುತ್ತಿದ್ದೆ. ಸಾಷ್ಟಾಂಗ ಅಂದುಕೊಂಡು ಇಬ್ಬರು ನನ್ನ ಪಕ್ಕ ಮಲಗಿ ಎದ್ದರು. ಮುಚ್ಚಿದ ಕಿಟಕಿಗಳ ಸಂದಿಯಿಂದಲೂ ಗಾಳಿ ಬರುತ್ತಿತ್ತು. ಬಹಳ ಹೊತ್ತು ಏನೂ ಆಗಲಿಲ್ಲ. ಅತ್ತೆಯ ಕಣ್ಣು ನೆನಪಾಯಿತು, ಕಲ್ಲಿನ ಪಕ್ಕದ ಹಾವು ನೆನಪಾಯಿತು. ತಿರುಗು, ದಯವಿಟ್ಟು ತಿರುಗು ಅಂತ ಮನಸ್ಸಿನಲ್ಲೇ ಹೇಳಿಕೊಳ್ಳತೊಡಗಿದೆ. ಯಾರಿಗೆ ಹೇಳುತ್ತಿದ್ದೆ ಅಂತ ಕೇಳಿದರೆ ಸರಿಯಾದ ಉತ್ತರ ಇಲ್ಲ. ಭೂಮಿಗೆ ಅಂತ ಇಟ್ಟುಕೊಳ್ಳಿ.

ಸುಮಾರು ಒಂದು ಗಂಟೆಯ ಮೇಲೆ ಬಿಂದಿಗೆ ಗೆರೆಯಿಂದ ಎರಡು ಬೆರಳಿನಷ್ಟು ಸರಿದಿತ್ತು. ಅದೂ ಸರಿಯಾದ ದಿಕ್ಕಿಗೆ, ಗಡಿಯಾರದ ಮುಳ್ಳಿನ ಹಾಗೆ. ಆದರೆ ಅಷ್ಟರಲ್ಲಿ ಅದು ನೇರವಾಗಿ ತೂಗುವುದನ್ನು ಬಿಟ್ಟು ಮೊಟ್ಟೆಯಾಕಾರದಲ್ಲಿ ಸುತ್ತಲು ಶುರುಮಾಡಿತ್ತು. ಸರಿಸಿದ್ದು ಭೂಮಿಯೋ, ಗಾಳಿಯೋ, ರಾಮಪ್ಪ ಕಟ್ಟಿದ ಗಂಟೋ ಹೇಳುವುದು ಕಷ್ಟ.

"ತಿರುಗ್ತಾ ಅಳಿಯಂದ್ರೆ?" ಅಂದರು ಅತ್ತೆ.

ಆಗಲೇ ನನಗೆ ಇನ್ನೊಂದು ವಿಷಯ ಹೊಳೆದದ್ದು. ಎರಡು ಬೆರಳಿನ ವ್ಯತ್ಯಾಸವನ್ನು ಯಾರಿಗೆ ತೋರಿಸಲು ಇಷ್ಟೆಲ್ಲ ಮಾಡಿದ್ದೆನೋ ಅವರಿಗೆ ಬಿಂದಿಗೆಯೇ ಕಾಣುತ್ತಿರಲಿಲ್ಲ.

"ಸ್ವಲ್ಪ ಸರಿದಿದೆ ಅತ್ತೆ. ಆದರೆ ಗಾಳಿ ಇತ್ತು, ತಂತಿನೂ..."

"ತಿರುಗ್ತೋ ಇಲ್ವೋ ಹೇಳಿ."

"ತಿರುಗ್ತು," ಅಂದೆ.

"ಯಾವ ಕಡೆಗೆ?"

"ಪ್ರದಕ್ಷಿಣೆಯ ಕಡೆಗಮ್ಮಾ," ಅಂದಳು ಸರೋಜ.

ಅತ್ತೆ ಎರಡೂ ಕೈ ಎತ್ತಿ ಮುಗಿದರು. "ಮತ್ತೆ ಅದನ್ನ ಮೊದಲೇ ಹೇಳಬಾರದಾ? ಭೂಮಿತಾಯಿ ಪ್ರದಕ್ಷಿಣೆ ಬರ್ತಾವ್ಳೆ ಅಂದ್ರೆ ನಾನ್ಯಾಕೆ ಬೇಡ ಅಂತಿದ್ದೆ? ನಡೀರಿ, ಆಪರೇಷನ್ ಮಾಡಿಸ್ಕೊಂತೀನಿ. ಆಷಾಢ ಒಂದು ಕಳೀಲಿ."

ಪ್ರದಕ್ಷಿಣೆ ಬರುವುದು ಬಿಂದಿಗೆ, ಭೂಮಿ ತಿರುಗುವುದು ಅದರ ವಿರುದ್ಧ ದಿಕ್ಕಿಗೆ ಅಂತ ತಿದ್ದಲು ನಾನು ಬಾಯಿ ತೆರೆದೆ. ಸರೋಜ ನನ್ನ ಕಾಲು ತುಳಿದಳು.

ಶ್ರಾವಣದಲ್ಲಿ ಒಂದು ಕಣ್ಣು, ದಸರಾ ಕಳೆದ ಮೇಲೆ ಇನ್ನೊಂದು. ಎರಡೂ ಚೆನ್ನಾಗಿ ಆದವು. ಕಟ್ಟು ಬಿಚ್ಚಿದ ಮೇಲೆ ಅತ್ತೆ ಮೊದಲು ನೋಡಿದ್ದು ನನ್ನನ್ನು. ಬಹಳ ಹೊತ್ತು ನೋಡಿ, "ನಿಮ್ಮ ತಲೆ ಯಾವಾಗ ಹಿಂಗಾಯ್ತು ಅಳಿಯಂದ್ರೆ?" ಅಂದರು. ಮನೆಗೆ ಬಂದ ಮೇಲೆ ಫ್ರಿಜ್ಜಿನ ಮೇಲಿನ ಧೂಳು, ಒಲೆಯ ಹಿಂದಿನ ಜಿಡ್ಡು, ಗೋಡೆಯ ಮೂಲೆಯ ಜೇಡರ ಬಲೆ ಎಲ್ಲ ಅವರಿಗೆ ಕಂಡವು. ಸರೋಜ ಒಂದು ವಾರ ತವರು ಮನೆ ತೆಲುಗಿನಲ್ಲಿ ಬೈಸಿಕೊಂಡಳು. ಆಪರೇಷನ್ ಬೇಕು ಬೇಕು ಅಂತ ಕುಣಿದದ್ದು ನೀವೇ ಅನ್ನುವ ಹಾಗೆ ಅವಳು ನನ್ನನ್ನು ನೋಡಿದಳು. ಆಮೇಲೆ ಅತ್ತೆ ತಮ್ಮ ಊರಿನ ಗುಡಿಗೆ ಹೋಗಿ ಸ್ವಾಮಿಯನ್ನು ಹತ್ತಿರದಿಂದ ನೋಡಿ ಬಂದರು. "ನಗ್ತಾ ಇರ್ತಾನೆ ಅಂದ್ಕೊಂಡಿದ್ದೆ. ಮುಖ ಎಲ್ಲ ಸವೆದು ಹೋಗೈತೆ, ಮೂಗೇ ಇಲ್ಲ," ಅಂದರು. ಈಗ ನಂಬಿಕೆ ಸ್ವಲ್ಪ ಅಲುಗಬಹುದು ಅಂತ ನಾನು ಕಿವಿ ನಿಮಿರಿಸಿ ಕೂತೆ. "ಪಾಪ, ಎಷ್ಟು ಜನದ ಕಷ್ಟ ಕೇಳವ್ನೋ ಏನೋ," ಅಂದು ಕಾಫಿ ಕುಡಿದರು.

ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಧನುರ್ಮಾಸದಲ್ಲಿ ಚೌಟ್ರಿ ಮತ್ತೆ ಖಾಲಿಯಾಯಿತು. ಅತ್ತೆ ಕೇಳಿದರು: "ಅವತ್ತು ನಿಮ್ಮ ಮಾತಿನ ಮೇಲೆ ನಂಬಿದ್ದೆ. ಈಗ ಕಣ್ಣು ಐತೆ. ಇನ್ನೊಂದು ಸಲ ತೋರಿಸ್ತೀರಾ?"

ಬೇಡ ಅನ್ನಲು ಕಾರಣವೇ ಇರಲಿಲ್ಲ. ಚಳಿಯ ಬೆಳಗು, ಹೊರಗೆ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಈ ಸಲ ತಂತಿಯನ್ನು ನಾನೇ ಕಟ್ಟಿದೆ. ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿದೆ. ಬೇರೆ ಯಾರನ್ನೂ ಒಳಗೆ ಬಿಡಬೇಡಿ ಅಂತ ರಾಮಪ್ಪನಿಗೆ ಹೇಳಿದೆ. ಬೆಂಕಿಕಡ್ಡಿ ಮೊದಲ ಗೀರಿಗೇ ಹತ್ತಿತು. ಬಿಂದಿಗೆ ಗೆರೆಯ ಮೇಲೆ ಎಷ್ಟು ಚೆನ್ನಾಗಿ ತೂಗಿತೆಂದರೆ ನನಗೇ ಹೆಮ್ಮೆಯಾಯಿತು. ಅತ್ತೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕಣ್ಣು ಕೀಳದೆ ನೋಡಿದರು.

ಮುಕ್ಕಾಲು ಗಂಟೆಯ ಹೊತ್ತಿಗೆ ಅದು ಸರಿಯತೊಡಗಿತು. ಅಪ್ರದಕ್ಷಿಣೆಯ ಕಡೆಗೆ.

ನಾನು ಕನ್ನಡಕ ಒರೆಸಿಕೊಂಡೆ. ಆ ಕಡೆಯಿಂದ ಎದ್ದು ಈ ಕಡೆ ಬಂದು ಮಲಗಿದೆ. ಎಲ್ಲಿಂದ ನೋಡಿದರೂ ಅದು ಅಪ್ರದಕ್ಷಿಣೆಯೇ. ಅತ್ತೆ ಬಿಂದಿಗೆಯನ್ನು ನೋಡಿದರು, ನನ್ನನ್ನು ನೋಡಿದರು. ಅವರ ಹೊಸ ಕಣ್ಣುಗಳಿಗೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು.

"ತಂತಿಯ ದೋಷ ಅತ್ತೆ," ಅಂದೆ. "ಒಂದು ಕಡೆ ಬಿಗಿ ಜಾಸ್ತಿಯಾಗಿದೆ. ಬಿಂದಿಗೆ ಒಳಗೆ ಮರಳೂ ಒಂದೇ ಕಡೆ ಕೂತಿರಬೇಕು. ಹೀಗೆ ಆಗೋದುಂಟು. ಇದರಿಂದ ಭೂಮಿ ತಿರುಗೋಲ್ಲ ಅಂತ ಅರ್ಥ ಅಲ್ಲ."

"ಛೆ ಛೆ, ಯಾರು ಹಂಗಂದೋರು?" ಅಂದರು ಅತ್ತೆ. ಎದ್ದು ಬಂದು ನನ್ನ ಪಕ್ಕದಲ್ಲಿ ಕೂತರು. ಇಷ್ಟು ವರ್ಷದಲ್ಲಿ ಅವರು ನನ್ನ ಜೊತೆ ಅಷ್ಟು ಮೆತ್ತಗೆ ಮಾತಾಡಿದ್ದಿಲ್ಲ. "ಒಂದು ದಿನ ಉಲ್ಟಾ ಬಂತು ಅಂತ ಮನಸ್ಸಿಗೆ ಹಚ್ಕೋಬೇಡಿ. ನಂಬಿಕೆ ಬಿಡಬಾರದು."

"ನಂಬಿಕೆ ಅಲ್ಲ ಅತ್ತೆ, ಇದು..."

"ಆಯ್ತಾಯ್ತು," ಅಂದರು.

ಬಿಂದಿಗೆ ಬಿಚ್ಚಿ, ಮರಳು ಸುರಿದು, ಮನೆಗೆ ತಂದೆವು. ತಂತಿಯದೇ ದೋಷ ಅನ್ನುವುದರಲ್ಲಿ ನನಗೆ ಈಗಲೂ ಅನುಮಾನವಿಲ್ಲ. ಒಳ್ಳೆಯ ತಂತಿ, ಒಳ್ಳೆಯ ಕೊಕ್ಕೆ ಇದ್ದ ಕಡೆ ಅದು ಸರಿಯಾಗಿಯೇ ತಿರುಗುತ್ತದೆ. ಆ ಕಡೆಗೆ ನಾನು ಹೋಗಿಲ್ಲ, ಹೋಗಿ ಬಂದವರು ಬರೆದಿದ್ದಾರೆ. ಸೋಮವಾರ ಎಂಟನೇ ತರಗತಿಗೆ ಭೂಮಿಯ ಪಾಠವಿತ್ತು. ಬೋರ್ಡಿನ ಮೇಲೆ ದುಂಡಗೆ ಭೂಮಿ ಬರೆದು, ಅದು ತನ್ನ ಅಕ್ಷದ ಮೇಲೆ ತಿರುಗುತ್ತದೆ ಅಂತ ದನಿ ಎತ್ತರಿಸಿ ಹೇಳಿದೆ. ಯಾವ ಕಡೆಗೆ ಅಂತ ಬಾಣದ ಗುರುತು ಹಾಕುವಾಗ ಮಾತ್ರ ಕೈ ಒಂದು ಕ್ಷಣ ನಿಂತಿತು. ಪುಸ್ತಕ ನೋಡಿ ಹಾಕಿದೆ.